ಅಮ್ಮನಿಗೊಂದು ಆಸನ

ಉಡುಪಿ

ಪ್ರೀತಿಯ ಪುಟ್ಟನಿಗೆ,

ಮೇ ತಿಂಗಳ ಎರಡನೇ ಭಾನುವಾರ, ತಾಯಂದಿರ ದಿನದ ಆರಾಧನೆಯಲ್ಲಿ ಯುವಜನರ ಪರವಾಗಿ ನೀನೇ ಮಾತಾಡಬೇಕೆಂದು ಸಭಾಪಾಲಕರು ಹೇಳಿದ್ದಾರಂತೆ. ಸಂತೋಷವಾಯಿತು. "ನಾಲ್ಕು ಒಳ್ಳೆಯ ವಾಕ್ಯ ಕಳಿಸಿ ದೊಡ್ಡಮ್ಮ" ಎಂದು ವಾಟ್ಸ್ಯಾಪ್ ಮಾಡಿದ್ದಿ. ವಾಕ್ಯ ಹುಡುಕಲು ನಾನು ಯಾಕೆ ಬೇಕು ಮಾರಾಯ? ಜ್ಞಾನೋಕ್ತಿ 31ನೇ ಅಧ್ಯಾಯವನ್ನು ಪ್ರತಿ ವರ್ಷ ಯಾರಾದರೊಬ್ಬರು ಓದೇ ಓದುತ್ತಾರೆ. ಇನ್ನೂ ಕತ್ತಲಿರುವಾಗಲೇ ಎದ್ದು, ರಾತ್ರಿ ದೀಪ ಆರಿಸದೆ ದುಡಿಯುವ ಆ ಗುಣವತಿಯ ವರ್ಣನೆ ನಡೆಯುವಾಗ ಬೆಂಚಿನ ಮೇಲಿನ ಹೆಂಗಸರ ಮುಖ ನೋಡು, ಅರ್ಧ ಜನ ತೂಕಡಿಸುತ್ತಿರುತ್ತಾರೆ. ಪಾಪ, ಅವರೂ ಕತ್ತಲಿರುವಾಗಲೇ ಎದ್ದವರು. ಅದೇ ಹೆಂಗಸು ಯೋಚನೆ ಮಾಡಿ ಹೊಲ ಕೊಂಡದ್ದು, ಕೈಯಾರೆ ಗಳಿಸಿದ್ದರಲ್ಲಿ ದ್ರಾಕ್ಷಿತೋಟ ಎಬ್ಬಿಸಿದ್ದು ಕೂಡ ಆ ಅಧ್ಯಾಯದಲ್ಲೇ ಇದೆ. ಅದನ್ನು ಮಾತ್ರ ಯಾರೂ ಒತ್ತಿ ಓದುವುದಿಲ್ಲ.

ಈ ದಿನ ಶುರುವಾದದ್ದು ಗ್ರೀಟಿಂಗ್ ಕಾರ್ಡಿನ ಅಂಗಡಿಯಲ್ಲಿ ಎಂದು ನಿನ್ನ ಗೆಳೆಯರು ಹೇಳಬಹುದು. ಅಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಎಂಬ ಸಣ್ಣ ಊರಿನ ಮೆಥಡಿಸ್ಟ್ ಚರ್ಚಿನಲ್ಲಿ, 1908ರ ಮೇ 10ರಂದು. ತೀರಿಹೋದ ತಾಯಿಯ ನೆನಪಿಗೆಂದು ಆ್ಯನಾ ಜಾರ್ವಿಸ್ ಅಲ್ಲಿಗೆ 500 ಬಿಳಿ ಕಾರ್ನೇಷನ್ ಹೂ ಕಳಿಸಿದ್ದಳು. ನರ್ಸಾಗಿ ದುಡಿದ ನನಗೆ ಮಗಳಿಗಿಂತ ಆ ತಾಯಿಯೇ ಇಷ್ಟ. ಹೆತ್ತ ಮಕ್ಕಳಲ್ಲಿ ಹೆಚ್ಚಿನವರನ್ನು ಕಾಯಿಲೆಗೆ ಕಳಕೊಂಡವಳು ಆಕೆ. ಅಳುತ್ತಾ ಕೂರಲಿಲ್ಲ. ಸುತ್ತಲಿನ ಊರುಗಳ ತಾಯಂದಿರನ್ನು ಸೇರಿಸಿ ಸಂಘ ಕಟ್ಟಿದಳು. ಮನೆಮನೆಯ ಶುಚಿತ್ವ ನೋಡುವುದು, ಮಕ್ಕಳು ಕುಡಿಯುವ ಹಾಲನ್ನು ಪರೀಕ್ಷಿಸುವುದು, ಬಡವರ ಔಷಧಿಗೆ ಹಣ ಕೂಡಿಸುವುದು, ಇವೇ ಸಂಘದ ಕೆಲಸ. ಅಂತರ್ಯುದ್ಧ ಬಂದಾಗ ಎರಡೂ ಕಡೆಯ ಸೈನಿಕರನ್ನು ಆರೈಕೆ ಮಾಡಿದರು. 1914ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಈ ದಿನಕ್ಕೆ ಸರಕಾರಿ ಮುದ್ರೆ ಒತ್ತಿದರು. ಅಷ್ಟರಲ್ಲಿ ಹೂವಿನವರು, ಮಿಠಾಯಿಯವರು, ಕಾರ್ಡಿನವರು ಹೊಕ್ಕಾಗಿತ್ತು. ಆ್ಯನಾ ಉಳಿದ ಆಯುಸ್ಸನ್ನೆಲ್ಲ ಅವರ ಮೇಲೆ ಜಗಳ ಕಾಯುವುದರಲ್ಲೇ ಕಳೆದು 1948ರಲ್ಲಿ ಒಂದು ಆರೈಕೆ ಕೇಂದ್ರದಲ್ಲಿ ತೀರಿಕೊಂಡಳು. ಆಕೆಗೆ ಮದುವೆಯೂ ಇಲ್ಲ, ಮಕ್ಕಳೂ ಇಲ್ಲ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನಾವು ಸಂಡೇ ಸ್ಕೂಲಿನ ಸಣ್ಣ ಮಕ್ಕಳಿಗೆ ಬಾಯಿಪಾಠ ಮಾಡಿಸಿ ಮುಗಿಸಿಬಿಡುತ್ತೇವೆ. ಅಮ್ಮ ಹೇಳಿದ ಹಾಗೆ ಕೇಳು, ತಟ್ಟೆಯಲ್ಲಿ ಅನ್ನ ಬಿಡಬೇಡ, ಅಷ್ಟೇ. ಆದರೆ ಸೀನಾಯಿ ಬೆಟ್ಟದ ಕೆಳಗೆ ಅದನ್ನು ಕೇಳಿಸಿಕೊಂಡವರಲ್ಲಿ ಗಡ್ಡ ಬಂದ ಗಂಡಸರಿದ್ದರು, ಮನೆಯಲ್ಲಿ ಮುದಿ ತಾಯಿ ಇದ್ದವರು. ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯ ಓದು. ಯೇಸು ಸಿಟ್ಟಾದ ಸಂದರ್ಭ ಅದು. ಆಗಿನ ಒಂದು ಉಪಾಯ ಹೀಗಿತ್ತು: ತಂದೆತಾಯಿಗೆ ಸಲ್ಲಬೇಕಾದ ಹಣವನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು ಎಂದು ಹೇಳಿಬಿಟ್ಟರೆ ಮಗನಿಗೆ ಅವರನ್ನು ನೋಡಿಕೊಳ್ಳುವ ಹೊರೆ ಇಲ್ಲ. ಭಕ್ತಿಯ ಹೆಸರಿನಲ್ಲಿ ತಪ್ಪಿಸಿಕೊಳ್ಳುವ ಆ ದಾರಿಯನ್ನು ಯೇಸು ಮುಲಾಜಿಲ್ಲದೆ ಖಂಡಿಸಿದ. ಅಲ್ಲಿ ಸನ್ಮಾನವೆಂದರೆ ಅಕ್ಕಿ, ಎಣ್ಣೆ, ಔಷಧಿ, ಬಾಡಿಗೆ. ಈಗ 'ಕೊರ್ಬಾನ್' ಎನ್ನುವವರಿಲ್ಲ, 'ಪ್ರಾಜೆಕ್ಟ್ ಡೆಡ್‌ಲೈನ್' ಎನ್ನುತ್ತಾರೆ. ಸಭೆಯ ಕೆಲಸಕ್ಕೆ ಹಗಲು ರಾತ್ರಿ ಓಡಾಡಿ ಮನೆಯ ಮುದುಕಿಯನ್ನು ಮರೆತವರೂ ನಮ್ಮಲ್ಲಿದ್ದಾರೆ.

ಹೇಳಿದವನು ತಾನೇ ಮಾಡಿಯೂ ತೋರಿಸಿದ. ಯೋಹಾನನ ಸುವಾರ್ತೆ 19ನೇ ಅಧ್ಯಾಯ. ಶಿಲುಬೆಯ ಮೇಲೆ ಉಸಿರಿಗೇ ಕಷ್ಟವಿದ್ದಾಗ ಅಮ್ಮನಿಗೆ ಒಂದು ಮನೆ ಗೊತ್ತು ಮಾಡುತ್ತಾನೆ. ಮಾರ್ಕನು ಯೇಸುವಿನ ತಮ್ಮಂದಿರ ಹೆಸರು ಹೇಳುತ್ತಾನೆ, ಅಂದರೆ ಜನರಿದ್ದರು. ಆದರೂ ಅಲ್ಲಿ ನಿಂತಿದ್ದ ಶಿಷ್ಯನಿಗೇ ಒಪ್ಪಿಸಿದ. ಅಮ್ಮನ ಮುಂದೆ ಆಗ ನಿಂತಿದ್ದವನು ಅವನು, ಬಹುಶಃ ಅದಕ್ಕೇ. ನಮ್ಮ ಸಭೆಯಲ್ಲಿ ನಾವು ಆ ತಾಯಿ ಮರಿಯಳನ್ನು ಕ್ರಿಸ್ಮಸ್ ನಾಟಕದಲ್ಲಿ ನೀಲಿ ಸೆರಗು ಹೊದಿಸಿ ಕೂರಿಸಿ ಆಮೇಲೆ ಮರೆಯುತ್ತೇವೆ. ಅವಳ ಬಗ್ಗೆ ಮಾತಾಡಿದರೆ ಕಥೋಲಿಕರಾಗಿಬಿಡುತ್ತೇವೋ ಎಂಬ ಭಯ! ನೆರೆಮನೆಯ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮರಿಯಳ ಹುಟ್ಟುಹಬ್ಬಕ್ಕೆ, ಹೊಸ ತೆನೆ ತಂದು, ಮನೆಯವರೆಲ್ಲ ಒಟ್ಟಿಗೆ ಕೂತು ಹೊಸಕ್ಕಿ ಉಣ್ಣುವುದನ್ನು ನೋಡುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ. ಒಬ್ಬ ತಾಯಿಯ ಹುಟ್ಟುಹಬ್ಬಕ್ಕೆ ಮುಂಬೈಯಿಂದ, ಗಲ್ಫಿನಿಂದ ಮಕ್ಕಳು ಮನೆ ಸೇರುವುದು ಎಷ್ಟು ಚಂದ. ಬರಲಾಗದವರಿಗೆ ಕವರಿನಲ್ಲಿ ಭತ್ತದ ಕಾಳು ಹಾಕಿ ಕಳಿಸುತ್ತಿದ್ದರು.

ಇನ್ನೊಂದು ಚಿತ್ರ ಯಾರೂ ಹೇಳುವುದಿಲ್ಲ, ನೀನಾದರೂ ಹೇಳು. ಒಂದನೇ ಅರಸುಗಳು ಎರಡನೇ ಅಧ್ಯಾಯ. ತಾಯಿ ಬತ್ಷೆಬೆ ಬಂದಾಗ ಅರಸನಾದ ಸೊಲೊಮೋನ ಸಿಂಹಾಸನದಿಂದೆದ್ದು, ಎದುರು ಹೋಗಿ ಬಾಗಿ, ತನ್ನ ಬಲಗಡೆ ಆಕೆಗೊಂದು ಆಸನ ಹಾಕಿಸುತ್ತಾನೆ. ಆಮೇಲೆ ಆಕೆ ತಂದ ಬೇಡಿಕೆಯನ್ನು ಮಾತ್ರ ಒಪ್ಪುವುದಿಲ್ಲ. ಅದರ ಹಿಂದೆ ಅವನ ಅಣ್ಣನ ರಾಜಕೀಯವಿತ್ತು, ಪರಿಣಾಮ ಘೋರವಾಯಿತು, ಆ ಕಥೆ ಈಗ ಬೇಡ. ನನಗೆ ಬೇಕಾದದ್ದು ಇಷ್ಟೇ: ಅಮ್ಮ ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕಾಗಿಲ್ಲ. ನಿನ್ನ ಮದುವೆಯ ವಿಷಯದಲ್ಲಿ ನಿಮ್ಮಿಬ್ಬರ ಎಳೆದಾಟ ನನಗೆ ಗೊತ್ತಿಲ್ಲವೇ? ನಿನಗೆ ಸರಿ ಕಂಡದ್ದನ್ನು ಹೇಳು. ಆದರೆ ಎದ್ದು ನಿಂತು, ಅವಳನ್ನು ಕೂರಿಸಿ, ಫೋನು ಬದಿಗಿಟ್ಟು ಹೇಳು.

ನಿನ್ನ ಅಮ್ಮ ನಿನಗೆ ಅಮ್ಮ, ನನಗೆ ತಂಗಿ. ಲಂಗದ ತುದಿ ಕಚ್ಚಿಕೊಂಡು ಗೇರುಮರ ಹತ್ತುತ್ತಿದ್ದವಳು, ಗಾಯನ ಮಂಡಳಿಯಲ್ಲಿ ಆಲ್ಟೊ ಹಾಡುತ್ತಿದ್ದವಳು. ಅವಳಿಗೆ ಏನು ಬೇಕೆಂದು ಕೇಳಿದರೆ "ಏನೂ ಬೇಡ ಮಗಾ" ಎನ್ನುತ್ತಾಳೆ. ನಂಬಬೇಡ. ಕಣ್ಣಿನ ಪೊರೆಯ ಆಪರೇಶನ್ನನ್ನು ಮಳೆಗಾಲ ಕಳೆಯಲಿ, ಕ್ರಿಸ್ಮಸ್ ಕಳೆಯಲಿ ಎಂದು ದೂಡುತ್ತಾ ಬಂದಿದ್ದಾಳೆ. ಈ ಸಲ ಆನ್‌ಲೈನಿನಲ್ಲಿ ಸೀರೆ ಕಳಿಸುವ ಬದಲು ನಾಲ್ಕು ದಿನ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋಗು. ಅವಳ ಮಾತ್ರೆಗಳ ಹೆಸರು ನಿನಗೆ ಗೊತ್ತಿರಲಿ.

ಹೂ ಹಂಚುವ ವಿಷಯ. ಮಕ್ಕಳಿರುವವರು ಎದ್ದು ನಿಲ್ಲಿ ಎನ್ನಬೇಡಿ. ನನ್ನಂಥವರು ಕೂತಿರುತ್ತೇವೆ, ನಮಗದು ಅಭ್ಯಾಸ. ಆದರೆ ಆರನೇ ತಿಂಗಳಲ್ಲಿ ಮಗುವನ್ನು ಕಳಕೊಂಡವಳು, ಹತ್ತು ವರ್ಷದಿಂದ ಪ್ರಾರ್ಥಿಸುತ್ತಿರುವವಳು, ಮಗನನ್ನು ಮಣ್ಣು ಮಾಡಿ ಬಂದವಳು, ಇವರೆಲ್ಲ ಅಲ್ಲೇ ಇರುತ್ತಾರೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕೊನೆಗೆ ರೂಫನ ತಾಯಿಗೆ ವಂದನೆ ಹೇಳಿ, ಆಕೆ ತನಗೂ ತಾಯಿ ಎನ್ನುತ್ತಾನೆ. ಆಕೆ ಅವನಿಗೆ ಏನು ಮಾಡಿದಳೋ, ಬರೆದಿಲ್ಲ. ಊಟ ಬಡಿಸಿರಬಹುದು, ಜ್ವರದಲ್ಲಿ ನೋಡಿಕೊಂಡಿರಬಹುದು. ಆ್ಯನಾಳಿಗೂ ಹೂ ಸಿಗುವಂಥ ಸಾಲು ಅದು. ಬಾಗಿಲಲ್ಲಿ ಬುಟ್ಟಿ ಇಡಿ, ಬಂದ ಹೆಂಗಸರೆಲ್ಲರೂ ತೆಗೆದುಕೊಳ್ಳಲಿ.

ಕೊನೆಗೆ ಊಟ. ಹೋದ ವರ್ಷ ತಾಯಂದಿರಿಗೆ ಗೌರವ ಊಟವೆಂದು ಘೋಷಿಸಿದರು. ಕೋಳಿ ಸುಕ್ಕ ಮಾಡಿದವರು ಸ್ತ್ರೀಯರ ಕೂಟದವರು, ಆಮೇಲೆ ಪಾತ್ರೆ ತಿಕ್ಕಿದವರೂ ಅವರೇ! ಈ ಸಲ ನೀವು ಹುಡುಗರು ಅಡಿಗೆ ಮಾಡಿ. ಉಪ್ಪು ಹೆಚ್ಚಾದರೂ ಚಿಂತೆಯಿಲ್ಲ, ತಿನ್ನುತ್ತೇವೆ. ಶುಕ್ರವಾರ ರಾತ್ರಿಯ ಬಸ್ಸಿಗೇ ಹೊರಟು ಬಾ, ಶನಿವಾರ ಸಂತೆಗೆ ಹೋಗಬೇಕಾಗುತ್ತದೆ. ಭಾಷಣ ಹತ್ತು ನಿಮಿಷ ಮೀರಬಾರದು. ದೊಡ್ಡ ಪಾತ್ರೆಗಳ ಬೀಗದ ಕೈ ನಿನ್ನ ಅಮ್ಮನ ಹತ್ತಿರ ಇದೆ, ಮೊದಲೇ ಕೇಳಿ ಇಟ್ಟುಕೋ.

ಕರ್ತನು ನಿನ್ನನ್ನು ಆಶೀರ್ವದಿಸಲಿ.

ಇತಿ ನಿನ್ನ
ದೊಡ್ಡಮ್ಮ