ಗಾಳಿಗೆ ಜಾರಿದ ಸ್ಲೇಟು: ದೋಷ ಕಲ್ಲಿನದೋ, ಮೊಳೆಯದೋ?



ಚಿಕ್ಕಂದಿನಲ್ಲಿ ಬಳಪ ಹಿಡಿದು ಅ ಆ ಇ ಈ ತಿದ್ದಿದ ಸ್ಲೇಟು ನೆನಪಿದೆಯಲ್ಲ? ಅದೇ ಜಾತಿಯ ಕಲ್ಲು ಇಲ್ಲಿ ವೇಲ್ಸಿನಲ್ಲಿ ಮನೆಗಳ ಛಾವಣಿಯ ಮೇಲೆ ಕೂತಿದೆ. ಪೆನ್ರಿನ್, ಬ್ಲೈನೈ ಫೆಸ್ಟಿನಿಯೋಗ್ ಕಡೆಯ ಗಣಿಗಳಿಂದ ಬಂದ ಒಳ್ಳೆಯ ಸ್ಲೇಟಿಗೆ ನೂರು ವರ್ಷ ಏನೂ ಅಲ್ಲ. ಕಾರ್ಡಿಫ್‌ನ ನಮ್ಮ ಮನೆ ವಿಕ್ಟೋರಿಯಾ ರಾಣಿಯ ಕಾಲದ್ದು. 2022ರ ಫೆಬ್ರವರಿ 18ರಂದು ಬಂದ ಯೂನಿಸ್ ಬಿರುಗಾಳಿಗೆ ಏಳು ಸ್ಲೇಟು ಜಾರಿದವು. ನೋಡಲು ಬಂದ ಮೊದಲನೆಯವರು "ಇಡೀ ಛಾವಣಿಯೇ ಹೋಗಿದೆ, ಹೊಸದು ಹಾಕಿಸಿ" ಎಂದುಬಿಟ್ಟರು! ಒಂದು ಎರರ್ ಕಂಡಿತೆಂದು ಇಡೀ ಪ್ರೋಗ್ರಾಮನ್ನು ಹೊಸದಾಗಿ ಬರೆಯುವುದುಂಟೇ? ಕಾರಣ ಹುಡುಕತೊಡಗಿದೆ.

ಊರಿನ ಮಂಗಳೂರು ಹಂಚು ರೀಪಿಗೆ ಸಿಕ್ಕಿಕೊಂಡು ಕೂರುತ್ತದೆ. ಒಡೆದರೆ ಪಕ್ಕದ್ದನ್ನು ತುಸು ಎತ್ತಿ ಬೇರೆಯದನ್ನು ಜಾರಿಸಿದರಾಯಿತು. ಸ್ಲೇಟು ಚಪ್ಪಟೆ ಕಲ್ಲು. ಅದನ್ನು ಎರಡು ಮೊಳೆ ಹೊಡೆದು ರೀಪಿಗೆ ನಿಲ್ಲಿಸಿರುತ್ತಾರೆ. ಅರ್ಧಕ್ಕಿಂತ ಹೆಚ್ಚು ಭಾಗ ಮೇಲಿನ ಸಾಲಿನಡಿ ಮುಚ್ಚಿಹೋಗುವುದರಿಂದ ಮೊಳೆ ಹೊರಗೆ ಕಾಣುವುದಿಲ್ಲ. ಹಳೆಯ ಮನೆಗಳಲ್ಲಿ ಅವು ಹೆಚ್ಚಾಗಿ ಕಬ್ಬಿಣದ ಮೊಳೆಗಳು. ನೂರು ವರ್ಷದ ತೇವಕ್ಕೆ ತುಕ್ಕು ಹಿಡಿದು ಸವೆದಿರುತ್ತವೆ. ಇಲ್ಲಿನ ಕಸುಬಿನವರು ಇದನ್ನು 'ನೇಲ್ ಸಿಕ್‌ನೆಸ್' ಅನ್ನುತ್ತಾರೆ, ಮೊಳೆಗೇ ಕಾಯಿಲೆ! ಇನ್ನು ಗಾಳಿ ಛಾವಣಿಯನ್ನು ಒತ್ತುವುದಷ್ಟೇ ಅಲ್ಲ, ವಿಮಾನದ ರೆಕ್ಕೆಯನ್ನು ಎತ್ತುವ ಹಾಗೆ ಮೇಲಕ್ಕೆ ಸೆಳೆಯುತ್ತದೆ. ಅಂಚುಗಳಲ್ಲಿ ಮತ್ತು ನೆತ್ತಿಯ ಬಳಿ ಈ ಸೆಳೆತ ಜೋರು. ಸ್ಲೇಟು ಗಡಗಡ ಅಲುಗುತ್ತದೆ, ಸವೆದ ಮೊಳೆ ತುಂಡಾಗುತ್ತದೆ. ಕಲ್ಲು ಮಾತ್ರ ಗಟ್ಟಿಯಾಗಿಯೇ ಇರಬಹುದು.

ಗಾಳಿ ನಿಂತ ಮೇಲೆ ರಸ್ತೆಯ ಆಚೆ ಬದಿಗೆ ನಿಂತು ಫೋನಿನ ಕ್ಯಾಮೆರಾ ಜೂಮ್ ಮಾಡಿ ನೋಡಿ. ದಯವಿಟ್ಟು ಮೇಲೆ ಹತ್ತಬೇಡಿ. ಒದ್ದೆ ಸ್ಲೇಟು ಪಾಚಿಗಟ್ಟಿದ ಬಾವಿಕಟ್ಟೆಗಿಂತ ಜಾರುತ್ತದೆ, ಕಾಲಿಟ್ಟರೆ ಇನ್ನೆರಡು ಒಡೆಯುತ್ತವೆ. ಕೆಳಗೆ ಬಿದ್ದ ಸ್ಲೇಟನ್ನು ಎಸೆಯದೆ ಬೆರಳ ಗೆಣ್ಣಿನಿಂದ ತಟ್ಟಿ, ಅಜ್ಜಿ ಸಂತೆಯಲ್ಲಿ ಗಡಿಗೆ ತಟ್ಟುತ್ತಿದ್ದರಲ್ಲ, ಹಾಗೆ. ಠಣ್ ಎಂದರೆ ಕಲ್ಲು ಚೆನ್ನಾಗಿದೆ. ಸದ್ದು ಸತ್ತಿದ್ದರೆ ಬಿರುಕಿದೆ ಅಥವಾ ಪದರ ಬಿಟ್ಟಿದೆ. ಆದರೆ ನಿಮ್ಮದು ನಿಜವಾದ ಸ್ಲೇಟೋ, ಸಿಮೆಂಟಿನ ನಕಲೋ ಮೊದಲು ತಿಳಿದುಕೊಳ್ಳಿ. ಬ್ರಿಟನ್ 1999ರಲ್ಲಿ ಕಲ್ನಾರನ್ನು ಪೂರ್ತಿ ನಿಷೇಧಿಸುವ ಮೊದಲು ಹಾಕಿದ ನಕಲಿಯಾದರೆ ಅದರಲ್ಲಿ ಕಲ್ನಾರು ಇರಬಹುದು, ಮುಟ್ಟಲು ಹೋಗಬೇಡಿ.

ಮೇಲಿನ ಸಾಲು ಬಿಚ್ಚದೆ ನಡುವಿನ ಒಂದು ಸ್ಲೇಟನ್ನು ಬದಲಿಸುವ ಉಪಾಯ ನನಗೆ ಬಹಳ ಹಿಡಿಸಿತು. 'ರಿಪ್ಪರ್' ಎಂಬ ಉದ್ದನೆಯ ಚಪ್ಪಟೆ ಅಲಗನ್ನು ಸ್ಲೇಟಿನಡಿ ತೂರಿಸಿ, ಅದರ ಕೊಕ್ಕೆಗೆ ಮೊಳೆ ಸಿಕ್ಕಿಸಿ, ಹಿಡಿಯ ಬಳಿ ಸುತ್ತಿಗೆಯಿಂದ ಹೊಡೆಯುತ್ತಾರೆ. ಮೊಳೆ ತುಂಡಾಗಿ ಒಡೆದ ಸ್ಲೇಟು ಹೊರಬರುತ್ತದೆ. ಹೊಸದಕ್ಕೆ ಮೊಳೆ ಹೊಡೆಯೋಣವೆಂದರೆ ಮೇಲಿನ ಸಾಲು ಅಡ್ಡ. ಅದಕ್ಕೆ ಕೆಳಸಾಲಿನ ಎರಡು ಸ್ಲೇಟುಗಳ ಸಂದಿಯಲ್ಲಿ, ಸುಮಾರು ಒಂದಿಂಚು ಅಗಲದ ಸೀಸದ ಅಥವಾ ತಾಮ್ರದ ಪಟ್ಟಿಯನ್ನು ರೀಪಿಗೆ ಹೊಡೆದು, ಸ್ಲೇಟನ್ನು ಒಳಗೆ ಜಾರಿಸಿ, ಪಟ್ಟಿಯ ತುದಿಯನ್ನು ಅದರ ಕೆಳ ಅಂಚಿನ ಮೇಲೆ ಮಡಚುತ್ತಾರೆ. ಇದರ ಹೆಸರು 'ಟಿಂಗಲ್'. ಸೀಸ ಮೆತ್ತಗಿನದು, ಹಿಮ ಜಾರುವಾಗ ಮಡಿಕೆ ಬಿಚ್ಚಿಕೊಳ್ಳಬಹುದು. ನಾನು ತಾಮ್ರವನ್ನೇ ಕೇಳಿ ಹಾಕಿಸಿದೆ.

ಬದಲಿ ಸ್ಲೇಟು ಅದೇ ಅಳತೆ, ಅದೇ ದಪ್ಪದ್ದಾಗಿರಲಿ. ಹಳೆಯ ಕಟ್ಟಡ ಸಾಮಾನು ಮಾರುವವರಲ್ಲಿ ಸಿಗುತ್ತದೆ. ಅಳತೆಗಳ ಹೆಸರು ಕೇಳಿ: 24 ಇಂಚು ಉದ್ದ 12 ಇಂಚು ಅಗಲದ್ದು ಡಚೆಸ್, 20ಕ್ಕೆ 10 ಕೌಂಟೆಸ್, 16ಕ್ಕೆ 8 ಲೇಡಿ. ನಮ್ಮ ಮನೆ ಮೇಲೆ ಕೌಂಟೆಸ್‌ಗಳ ದರ್ಬಾರು!

ಒಂದೇ ಅಂಚಿನಲ್ಲಿ ನಾಲ್ಕಾರು ಜಾರಿದರೆ ಈ ರಿಪೇರಿ ಸಾಕು. ಪ್ರತಿ ಚಳಿಗಾಲವೂ ಅಲ್ಲೊಂದು ಇಲ್ಲೊಂದು ಉದುರುತ್ತಿದ್ದರೆ ಎಲ್ಲ ಕಡೆ ಮೊಳೆ ಮುಗಿದಿದೆ ಎಂದೇ ಅರ್ಥ. ಆಗ ಛಾವಣಿ ಬಿಚ್ಚಲೇಬೇಕು. ಆದರೂ ಠಣ್ ಎನ್ನುವ ಹಳೆಯ ಸ್ಲೇಟುಗಳನ್ನೇ ಹೊಸ ರೀಪು, ತಾಮ್ರದ ಮೊಳೆ ಹಾಕಿ ಮತ್ತೆ ಕೂರಿಸಬಹುದು. ಹಳೆಯ ವೆಲ್ಷ್ ಸ್ಲೇಟಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ, ಆದ್ದರಿಂದ ಕಳಚಿದ್ದು ಯಾರಿಗೆ ಸೇರಬೇಕೆಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಅಟ್ಟದ ಒಳಗಿನಿಂದ ಫೋಮ್ ಸಿಂಪಡಿಸುತ್ತೇವೆ ಎಂದು ಬರುವವರಿಗೆ ನನ್ನ ಉತ್ತರ: ಬೇಡ. ಮರದ ತೇವ ಒಳಗೇ ಉಳಿಯುವ ಅಪಾಯವಿದೆ. ಸಾಲ ಕೊಡುವ ಅನೇಕ ಸಂಸ್ಥೆಗಳು ಅಂಥ ಮನೆಗೆ ಹಿಂದೇಟು ಹಾಕುತ್ತವೆ.

ಕೊನೆಗೆ ವಿಮೆ. ಗಾಳಿಯ ಹಾನಿಗೆ ಹಣ ಬರಬಹುದು, ತುಕ್ಕು ಹಿಡಿದ ಮೊಳೆಗೆ ಸಾಮಾನ್ಯವಾಗಿ ಬಾರದು. ಅನೇಕ ಪಾಲಿಸಿಗಳು ಗಾಳಿಯ ವೇಗ ಗಂಟೆಗೆ 55 ಮೈಲಿ ಮುಟ್ಟಿದರೆ ಮಾತ್ರ ಅದನ್ನು ಬಿರುಗಾಳಿ ಎಂದು ಒಪ್ಪುತ್ತವೆ. ಅಕ್ಟೋಬರಿನಲ್ಲೇ ಛಾವಣಿಯ ನಾಲ್ಕು ಫೋಟೋ ತೆಗೆದು ದಿನಾಂಕ ಸಮೇತ ಇಟ್ಟುಕೊಂಡಿದ್ದರೆ, ಸ್ಲೇಟು ಮೊದಲೇ ಜಾರಿತ್ತು ಎನ್ನುವವರಿಗೆ ತೋರಿಸಬಹುದು.