ಗದ್ದೆಯ ಮೀಥೇನ್ ವಾಯುವೂ ತಾಮ್ರವನ್ನರಸುವ ಸೂಕ್ಷ್ಮಜೀವಿಗಳೂ

ನೀರು ನಿಂತಿರುವ ಭತ್ತದ ಗದ್ದೆಯಲ್ಲಿ ಕಾಲಿಟ್ಟೊಡನೆ ಕೆಸರಿನಿಂದ ಗುಳ್ಳೆಗಳೇಳುವುದನ್ನು ಬೇಸಾಯಗಾರರೆಲ್ಲರೂ ಕಂಡಿರುವರು. ಈ ಗುಳ್ಳೆಗಳಲ್ಲಿ ಮೀಥೇನ್ ಎಂಬ ವಾಯುವು ಸೇರಿರುವುದು. ಗಾಳಿಯಾಡದ ಕೆಸರಿನಲ್ಲಿ ಕೂಳೆ, ಹುಲ್ಲು, ಹಸುರೆಲೆ ಗೊಬ್ಬರಗಳು ಕೊಳೆಯುವಾಗ ಇದು ಹುಟ್ಟುವುದು. ವಾತಾವರಣವನ್ನು ಸೇರಿದ ಮೀಥೇನು, ನೂರು ವರ್ಷಗಳ ಅವಧಿಯಲ್ಲಿ, ಅಷ್ಟೇ ತೂಕದ ಇಂಗಾಲಾಮ್ಲ ವಾಯುವಿಗಿಂತ ಸುಮಾರು 28 ಪಾಲು ಹೆಚ್ಚಾಗಿ ಭೂಮಿಯನ್ನು ಕಾಯಿಸುವುದು.

ಹುಟ್ಟಿದ ಮೀಥೇನೆಲ್ಲವೂ ಹೊರಗೆ ಹೋಗುವುದಿಲ್ಲ. ಅದನ್ನೇ ಆಹಾರವಾಗಿ ಉಳ್ಳ ಸೂಕ್ಷ್ಮಜೀವಿಗಳನ್ನು ಹಾಲೆಂಡ್ ದೇಶದ ಸೋಂಗೆನ್ ಎಂಬ ವಿಜ್ಞಾನಿಯು 1906ರಲ್ಲಿ ತೋರಿಸಿಕೊಟ್ಟನು. ಇವು ಆಮ್ಲಜನಕವು ದೊರೆಯುವ ಮೇಲ್ಮಣ್ಣಿನ ತೆಳುಪದರದಲ್ಲಿಯೂ ಬೇರುಗಳ ಸುತ್ತಲೂ ವಾಸಿಸುವುವು. ಇವು ಮೀಥೇನನ್ನು ಜೀರ್ಣಿಸಿಕೊಳ್ಳುವ ಮುಖ್ಯ ಕಿಣ್ವಕ್ಕೆ ತಾಮ್ರವು ಅವಶ್ಯಕ. ತಾಮ್ರವು ಸಾಲದಾದಾಗ ಕೆಲವು ಜಾತಿಗಳು ಕಬ್ಬಿಣವುಳ್ಳ ಬೇರೊಂದು ಕಿಣ್ವದಿಂದ ಕಾರ್ಯವನ್ನು ಸಾಗಿಸುವುವು.

ಮಣ್ಣಿನಲ್ಲಿರುವ ತಾಮ್ರವು ಜೇಡಿಗೂ ಕೊಳೆತ ಸಸ್ಯಾಂಶಕ್ಕೂ ಬಿಗಿಯಾಗಿ ಅಂಟಿಕೊಂಡಿರುವುದು. ಇದನ್ನು ಬಿಡಿಸಿ ತರುವುದಕ್ಕಾಗಿ ಈ ಜೀವಿಗಳಲ್ಲಿ ಕೆಲವು ಮೆಥನೋಬ್ಯಾಕ್ಟಿನ್ ಎಂಬ ಚಿಕ್ಕ ಪೆಪ್ಟೈಡನ್ನು ಹೊರಕ್ಕೆ ಬಿಡುವುವು. ಇದರ ರಚನೆಯು 2004ರಲ್ಲಿ ಪ್ರಕಟವಾಯಿತು. ಎರಡು ಸಾರಜನಕ ಪರಮಾಣುಗಳೂ ಎರಡು ಗಂಧಕ ಪರಮಾಣುಗಳೂ ಸೇರಿ ಒಂದು ತಾಮ್ರದ ಕಣವನ್ನು ಇಕ್ಕಳದಂತೆ ಹಿಡಿದುಕೊಳ್ಳುವುವು. ಹಾಗೆ ಹಿಡಿದ ತಾಮ್ರವನ್ನು ಜೀವಿಯು ಪುನಃ ಒಳಕ್ಕೆ ಸೇರಿಸಿಕೊಳ್ಳುವುದು.

ಇದರಿಂದ ನೆರೆಯ ಜೀವಿಗಳಿಗೆ ನಷ್ಟವೂ ಉಂಟು. ನೈಟ್ರಸ್ ಆಕ್ಸೈಡ್ ವಾಯುವನ್ನು ನಿರಪಾಯವಾದ ಸಾರಜನಕವನ್ನಾಗಿ ಮಾಡುವ ಬೇರೆ ಸೂಕ್ಷ್ಮಜೀವಿಗಳ ಕಿಣ್ವಕ್ಕೂ ತಾಮ್ರವೇ ಬೇಕು. ಮೆಥನೋಬ್ಯಾಕ್ಟಿನು ತಾಮ್ರವನ್ನು ಸೆಳೆದುಕೊಂಡಲ್ಲಿ ಆ ಕೆಲಸವು ಅರ್ಧಕ್ಕೆ ನಿಂತು, ಮೀಥೇನಿಗಿಂತಲೂ ಪ್ರಬಲವಾದ ಆ ವಾಯುವು ಉಳಿದುಬಿಡುವುದೆಂದು ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಹಾಗಾದರೆ ಗದ್ದೆಗೆ ಮೈಲುತುತ್ತವನ್ನು ಚೆಲ್ಲಬಹುದೇ ಎಂಬ ಪ್ರಶ್ನೆಯು ಸಹಜವಾದುದು. ಚೆಲ್ಲಕೂಡದು. ಈ ಜೀವಿಗಳಿಗೆ ಬೇಕಾದ ತಾಮ್ರವು ಅತ್ಯಲ್ಪ. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರವು ಸಹ ತೋಟದ ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಶೇಖರವಾಗುವುದು. ಮಿತಿಮೀರಿದರೆ ಎರೆಹುಳುಗಳಿಗೂ ಮಣ್ಣಿನ ಜೀವಿಗಳಿಗೂ ಹಾನಿಕರ. ಮಣ್ಣುಪರೀಕ್ಷೆಯಲ್ಲಿ ಕೊರತೆಯು ಕಂಡುಬಂದಲ್ಲದೆ ತಾಮ್ರವನ್ನು ಗೊಬ್ಬರವಾಗಿ ಹಾಕತಕ್ಕದ್ದಲ್ಲ.

ಗದ್ದೆಗೆ ಗಾಳಿಯನ್ನು ಕೊಡುವುದೇ ಸುಲಭವಾದ ಮಾರ್ಗ. ನಾಟಿಯಾಗಿ ಪೈರು ಬೇರೂರಿದ ಮೇಲೆ, ರಂಧ್ರಗಳುಳ್ಳ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳಿ, ನೀರಿನ ಮಟ್ಟವು ನೆಲದಿಂದ 15 ಸೆಂಟಿಮೀಟರು ಕೆಳಗಿಳಿದಾಗ ಪುನಃ ನೀರು ಹಾಯಿಸಬೇಕು. ಹೂ ಬಿಡುವ ಕಾಲದಲ್ಲಿ ಮಾತ್ರ ನೀರು ನಿಂತಿರಲೇಬೇಕು. ಒಣಗಿಸುವ ಗದ್ದೆಗಳಲ್ಲಿ ನೈಟ್ರಸ್ ಆಕ್ಸೈಡ್ ಹೆಚ್ಚದಂತೆ ಯೂರಿಯಾವನ್ನು ಹಿತಮಿತವಾಗಿ ಕಂತುಗಳಲ್ಲಿ ಕೊಡುವುದು ಯುಕ್ತ.

ಒಂದೇ ತೂಬಿನ ಕೆಳಗೆ ಹಲವರ ಗದ್ದೆಗಳಿರುವಲ್ಲಿ ಒಬ್ಬನೇ ನೀರನ್ನು ಇಳಿಸಲಾರನು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಒಟ್ಟಾಗಿ ಸೇರಿ ನೀರಿನ ಸರದಿಯನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳತಕ್ಕದ್ದು. ಇದರಿಂದ ನೀರೂ ಉಳಿಯುವುದು, ಮಣ್ಣಿನ ಈ ಕಾಣದ ಸೇವಕರಿಗೂ ಉಸಿರು ದೊರೆಯುವುದು.