‘೧೨’ ಎಂದು ಬರೆದರೆ ಪ್ರೋಗ್ರಾಂ ಬೀಳಬೇಕೆ?

ಕೊಡಂಬಲದ ರೈತರೊಬ್ಬರು ತೊಗರಿ ಮಾರಾಟದ ಆನ್‌ಲೈನ್ ಅರ್ಜಿಯಲ್ಲಿ ತೂಕವನ್ನು ಕನ್ನಡ ಅಂಕಿಯಲ್ಲೇ ‘೧೨’ ಎಂದು ತುಂಬಿದರು ಎಂದಿಟ್ಟುಕೊಳ್ಳಿ. ಪೈಥಾನ್‌ನ ‘ಇಂಟ್’ ಅದನ್ನು ಹನ್ನೆರಡು ಎಂದೇ ಓದುತ್ತದೆ. ಹ್ಯಾಸ್ಕೆಲ್‌ನ ‘ರೀಡ್’ ಮುಗ್ಗರಿಸುತ್ತದೆ. ಆ ತಪ್ಪನ್ನು ಹಿಡಿಯುವ ಕೋಡ್ ಇಲ್ಲದಿದ್ದರೆ ಪ್ರೋಗ್ರಾಮೇ ನಿಲ್ಲುತ್ತದೆ. ರೈತರದ್ದೇನೂ ತಪ್ಪಿಲ್ಲ.

ಈ ಒಂದು ತೊಡಕಿಗೆ ಮದ್ದು ಸುಲಭ: ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳು ಸಾಲಾಗಿವೆ, ಅಕ್ಷರದ ಸಂಕೇತಸಂಖ್ಯೆಯಿಂದ 3302 ಕಳೆದರೆ ಅಂಕಿ ಸಿಗುತ್ತದೆ. ಆದರೆ ನಾಳೆ ಇನ್ನೊಬ್ಬರು ‘ಹನ್ನೆರಡು ಚೀಲ’ ಎಂದು ಬರೆದರೆ?

ಅದಕ್ಕೇ ಮೊದಲು ‘ರೀಡ್’ ತೆಗೆದು ‘ರೀಡ್‌ಮೇಬಿ’ ಹಾಕಬೇಕು. ಅದು ಕೊಡುವುದು ‘ಮೇಬಿ’ ಟೈಪ್: ಸಂಖ್ಯೆ ಸಿಕ್ಕರೆ ‘ಜಸ್ಟ್’, ಸಿಗದಿದ್ದರೆ ‘ನಥಿಂಗ್’. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ತಂದ ‘ನಲ್’, ಇಲ್ಲದ್ದನ್ನು ಇದೆಯೆಂಬಂತೆ ಸಾಗಿಸುತ್ತಿತ್ತು. 2009ರಲ್ಲಿ ಅವರೇ ಅದನ್ನು ನೂರು ಕೋಟಿ ಡಾಲರ್‌ನ ತಪ್ಪೆಂದು ಕರೆದರು. ‘ಮೇಬಿ’ಯಲ್ಲಿ ಆ ಕಣ್ಣುಮುಚ್ಚಾಲೆ ನಡೆಯದು.

‘ನಥಿಂಗ್’ ಕಾರಣ ಹೇಳದು. ಕಾರಣ ಬೇಕಾದಲ್ಲಿ ‘ಈದರ್’ ಬಳಸಿ: ‘ರೈಟ್’ನಲ್ಲಿ ಫಲಿತಾಂಶ, ‘ಲೆಫ್ಟ್’ನಲ್ಲಿ ತಪ್ಪು. ತಪ್ಪನ್ನು ಬರೀ ಸ್ಟ್ರಿಂಗ್ ಆಗಿ ಬರೆಯುವ ಚಾಳಿ ಬಿಡಿ. ‘ತೂಕ ಖಾಲಿ’, ‘ತೂಕ ಸಂಖ್ಯೆಯಲ್ಲ’, ‘ಊರು ಪಟ್ಟಿಯಲ್ಲಿಲ್ಲ’ ಎಂಬ ಬಗೆಗಳಿರುವ ಒಂದು ಟೈಪ್ ಕಟ್ಟಿ, ಬಳಕೆದಾರರು ಬರೆದದ್ದನ್ನೂ ಅದರೊಳಗಿಡಿ. ‘ಡಬ್ಲ್ಯೂ-ಆಲ್’ ಎಚ್ಚರಿಕೆ ಆನ್ ಇದ್ದರೆ, ಪ್ಯಾಟರ್ನ್‌ನಲ್ಲಿ ಬಿಟ್ಟುಹೋದ ಬಗೆಯನ್ನು ಕಂಪೈಲರೇ ತೋರಿಸುತ್ತದೆ.

2022ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆಟೋ ಬುಕಿಂಗ್ ಆ್ಯಪ್ ‘ನಮ್ಮ ಯಾತ್ರಿ’ಯ ಸರ್ವರ್ ಕೋಡ್ ಹ್ಯಾಸ್ಕೆಲ್‌ನಲ್ಲಿದೆ, ಯಾರು ಬೇಕಾದರೂ ತೆರೆದು ಓದಬಹುದು. ಅಲ್ಲಿ ‘ಫ್ರಮ್‌ಮೇಬಿಎಂ’ ಎಂಬ ಪುಟ್ಟ ಫಂಕ್ಷನ್ ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಡೇಟಾಬೇಸ್‌ನಲ್ಲಿ ವ್ಯಕ್ತಿ ಸಿಗದಿದ್ದರೆ ಅದು ‘ನಥಿಂಗ್’ ಅನ್ನು ‘ವ್ಯಕ್ತಿ ಸಿಗಲಿಲ್ಲ’ ಎಂಬ ಹೆಸರುಳ್ಳ ತಪ್ಪಾಗಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಅಪರೂಪ.

ಇನ್ನು ಇಂಥ ‘ಈದರ್’ ಹೆಜ್ಜೆಗಳ ಜೋಡಣೆ. ಪ್ರೋಗ್ರಾಮರ್ ಸ್ಕಾಟ್ ವ್ಲಾಶಿನ್ ಇದನ್ನು ಜೋಡಿ ರೈಲು ಹಳಿಗೆ ಹೋಲಿಸಿದರು. ಬೀದರ್‌ನಿಂದ ಕಲಬುರಗಿಗೆ ಹೊರಟ ಗಾಡಿ ಹುಮನಾಬಾದ್‌ನಲ್ಲಿ ‘ಲೆಫ್ಟ್’ ಹಳಿಗೆ ಹೊರಳಿದರೆ, ಮುಂದಿನ ನಿಲ್ದಾಣಗಳಲ್ಲಿ ನಿಲ್ಲದೆ ನೇರ ಕೊನೆ ಮುಟ್ಟುತ್ತದೆ. ‘ಬೈಂಡ್’ ಮಾಡುವುದು ಇದನ್ನೇ. ಪ್ರತಿ ಸಾಲಿಗೂ ‘ಇಫ್’ ಬೇಕಿಲ್ಲ.

ಅರ್ಜಿಗೆ ಮಾತ್ರ ಈ ಕ್ರಮ ಒಗ್ಗದು. ತೂಕ, ಊರು, ಫೋನ್ ಮೂರೂ ತಪ್ಪಿದ್ದಾಗ ಒಂದೊಂದಾಗಿ ಹೇಳಿ ಮೂರು ಸಲ ತಿದ್ದಿಸುವುದು ಕಿರುಕುಳವೇ ಸರಿ. ಸ್ಕಾಲಾದ ‘ಕ್ಯಾಟ್ಸ್’ ಲೈಬ್ರರಿಯಲ್ಲಿ ‘ವ್ಯಾಲಿಡೇಟೆಡ್’ ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಕೂಡಿಡುತ್ತದೆ; ಹ್ಯಾಸ್ಕೆಲ್‌ನಲ್ಲೂ ‘ವ್ಯಾಲಿಡೇಶನ್’ ಪ್ಯಾಕೇಜ್ ಇದೆ.

ತಪ್ಪನ್ನು ಕನ್ನಡ ವಾಕ್ಯವಾಗಿಸುವ ಕೆಲಸ ಪರದೆಗೆ ಕಳಿಸುವ ಕೊನೆಯ ಫಂಕ್ಷನ್ನಿಗೇ ಇರಲಿ. ನೆಟ್‌ವರ್ಕ್ ಕಡಿದುಹೋಗುವಂಥ ಎಕ್ಸೆಪ್ಷನ್‌ಗಳನ್ನು ‘ಟ್ರೈ’ ಮೂಲಕ ಅಂಚಿನಲ್ಲೇ ಹಿಡಿದು ‘ಈದರ್’ ಆಗಿಸಿದರೆ, ಒಳಗಿನ ಲೆಕ್ಕದ ಕೋಡನ್ನು ಇಂಟರ್ನೆಟ್ ಇಲ್ಲದೆಯೂ ಟೆಸ್ಟ್ ಮಾಡಬಹುದು.